ಟೋಂಡರ್‌ನ ರಾಹುಕಾಲ

ಜರ್ಮನಿಯಲ್ಲಿ ಮದುವೆಗೆ ಮುಹೂರ್ತ ಇಡುವುದು ತೆರಿಗೆ ಇಲಾಖೆ. ಡಿಸೆಂಬರ್ 31ರ ಒಳಗೆ ಮದುವೆಯಾದರೆ ಸಾಕು, ಆ ವರ್ಷದ ಜನವರಿ 1ರಿಂದಲೇ ನೀವು ದಂಪತಿಯೆಂದು ಒಪ್ಪಿಕೊಂಡು, ಇಬ್ಬರ ಆದಾಯವನ್ನೂ ಕೂಡಿಸಿ ಅರ್ಧ ಮಾಡಿ ತೆರಿಗೆ ಹಾಕುತ್ತದೆ. ಒಬ್ಬರ ಸಂಬಳ ದೊಡ್ಡದು, ಇನ್ನೊಬ್ಬರದು ಚಿಕ್ಕದಾದರೆ ಲಾಭ. ನಮ್ಮಿಬ್ಬರಲ್ಲಿ ಚಿಕ್ಕ ಸಂಬಳ ನನ್ನದು. ಪಿಎಚ್‌ಡಿ ಮಾಡುವವರಿಗೆ ಅರ್ಧ ಹುದ್ದೆ ಕೊಟ್ಟು ಪೂರ್ತಿ ದುಡಿಸಿಕೊಳ್ಳುವುದು ಅಲ್ಲಿ ಸಾಮಾನ್ಯ. ಮನೆಯವರು ವೈಶಾಖಕ್ಕೆಂದು ಮೈಸೂರಿನಲ್ಲಿ ಛತ್ರ ಹಿಡಿದಾಗಿತ್ತು. ಹುಡುಗ ಕಾಗದದ ಮೇಲೆ ಲೆಕ್ಕ ಹಾಕಿ, "ವೈಶಾಖದವರೆಗೆ ಕಾದರೆ ಛತ್ರದ ಬಾಡಿಗೆಯಷ್ಟು ತೆರಿಗೆ ಹೋಗುತ್ತದೆ. ಈ ವರ್ಷವೇ ಇಲ್ಲಿ ನೋಂದಣಿ ಮಾಡಿಸಿಬಿಡೋಣ" ಎಂದ. ನನ್ನನ್ನು ಇಷ್ಟಪಡುತ್ತೇನೆಂದು ಹೇಳಿದಾಗಲೂ ಅವನು ಇಷ್ಟು ಖಚಿತವಾಗಿ ಮಾತನಾಡಿರಲಿಲ್ಲ.

ಸುದ್ದಿ ಕೇಳಿದ ಅಮ್ಮ ತೆರಿಗೆಯ ವಿಚಾರ ಎತ್ತಲೇ ಇಲ್ಲ. "ಡಿಸೆಂಬರ್ ಹದಿನಾರರ ಹೊತ್ತಿಗೆ ಧನುರ್ಮಾಸ ಹಿಡಿಯುತ್ತದೆ. ಅದರೊಳಗೆ ಮುಗಿಯಬೇಕು" ಎಂದಳು. ಇದು ಬರೀ ನೋಂದಣಿ, ಮದುವೆಯಲ್ಲ ಎಂದು ನಾನು ವಾದಿಸಿದೆ. "ಸಹಿ ಹಾಕಿದ ಮೇಲೆ ಬಿಡಿಸಿಕೊಳ್ಳುವುದಕ್ಕೆ ಕೋರ್ಟಿಗೆ ಹೋಗಬೇಕು ತಾನೆ? ಹಾಗಾದರೆ ಮದುವೆಯೇ" ಎಂದಳು. ಕಾನೂನು ಓದಿದವರೂ ಅಷ್ಟು ಚೊಕ್ಕವಾಗಿ ಹೇಳಲಾರರು.

ಜರ್ಮನಿಯಲ್ಲಿ ನಾವಿದ್ದ ಊರಿನ ವಿವಾಹ ನೋಂದಣಿ ಕಚೇರಿಯಲ್ಲಿದ್ದ ಮಹಿಳೆ ಸೌಜನ್ಯದ ಮೂರ್ತಿ. ಆಕೆ ನಗುತ್ತಲೇ ಒಂದು ಪಟ್ಟಿ ಕೊಟ್ಟರು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಅವಿವಾಹಿತರೆಂಬ ಪತ್ರ, ಎಲ್ಲಕ್ಕೂ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರಿಂದ ಅನುವಾದ. ಮದುವೆಗೆ ಅಡ್ಡಿಯಿಲ್ಲವೆಂದು ಜರ್ಮನಿ ಕೇಳುವ ನಮೂನೆಯ ಪತ್ರವನ್ನು ಭಾರತ ಸರ್ಕಾರ ಕೊಡುವುದಿಲ್ಲವಾದ್ದರಿಂದ, ಆ ಒಂದು ಕಾಗದದಿಂದ ವಿನಾಯಿತಿ ಬೇಡಿ ಉಚ್ಚ ಪ್ರಾಂತೀಯ ನ್ಯಾಯಾಲಯದ ಅಧ್ಯಕ್ಷರಿಗೆ ಅರ್ಜಿ. ಹುಡುಗನ ಊರು ಸಾಗರದ ಕಡೆ. ಅಲ್ಲಿಂದ ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಮಾವನವರು, "ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಮೂವರು ಸಾಕ್ಷಿಗಳು ಇದ್ದರೆ ಆಯಿತಲ್ಲ" ಎಂದು ಜರ್ಮನಿಯ ಬಗ್ಗೆ ಇಟ್ಟಿದ್ದ ಗೌರವವನ್ನು ಸ್ವಲ್ಪ ಕಡಿಮೆ ಮಾಡಿಕೊಂಡರು.

ಹುಡುಗನ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇರಲಿಲ್ಲ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ನೋಂದಣಿಯಾಗುತ್ತದೆ, ಹೆಸರಿಡುವುದು ನಾಮಕರಣದ ದಿನ. ಆಮೇಲೆ ಕಚೇರಿಗೆ ಹೋಗಿ ಹೆಸರು ಸೇರಿಸುವ ಪುರುಸೊತ್ತು ಅಡಿಕೆ ಕೊಯ್ಲಿನ ನಡುವೆ ಯಾರಿಗಿದೆ? ಇಂಥ ದಿನ ಇಂಥ ತಂದೆತಾಯಿಗೆ ಒಂದು ಗಂಡು ಮಗು ಹುಟ್ಟಿದೆ ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತಿತ್ತು. ಆ ಗಂಡು ಮಗು ಈಗ ತನ್ನೆದುರು ಗಡ್ಡ ಬಿಟ್ಟುಕೊಂಡು ಕುಳಿತಿರುವ ಈತನೇ ಎಂದು ನಂಬಲು ಆ ಮಹಿಳೆಗೆ ಕಾನೂನು ಬಿಡಲಿಲ್ಲ.

ಹೆಸರು ಸೇರಿಸಿದ್ದಾಯಿತು. ಅದರಿಂದಲೂ ಮುಗಿಯಲಿಲ್ಲ. ದೇಶಗಳು ಒಂದು ಮುದ್ರೆ ನೋಡಿ ಪರಸ್ಪರರ ದಾಖಲೆಗಳನ್ನು ಒಪ್ಪಿಕೊಳ್ಳುವ ಹೇಗ್ ಅಪೊಸ್ಟಿಲ್ ಒಪ್ಪಂದವನ್ನು ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಹಾಗಾಗಿ ಬೇರೆಡೆ ಒಂದು ಮುದ್ರೆಯಿಂದ ನಡೆಯುವ ನಮ್ಮ ಪತ್ರಗಳು ಅಲ್ಲಿ ನಡೆಯುವುದಿಲ್ಲ. ರಾಯಭಾರ ಕಚೇರಿ ನೇಮಿಸಿದ ವಕೀಲರು ಖುದ್ದಾಗಿ ಊರಿಗೆ ಹೋಗಿ, ದಾಖಲೆ ನೋಡಿ, ನೆರೆಹೊರೆಯವರನ್ನು ವಿಚಾರಿಸಿ ವರದಿ ಕೊಡಬೇಕು.

ಮಳೆಗಾಲದ ಕೊನೆಯಲ್ಲಿ ಒಬ್ಬರು ಫೈಲು ಹಿಡಿದು ಸಾಗರದಾಚೆಯ ಆ ಹಳ್ಳಿಗೆ ಹೋದರು. ಅಪರಿಚಿತರೊಬ್ಬರು ಬಂದು "ಈ ಹುಡುಗ ನಿಮಗೆ ಗೊತ್ತೇ? ಮದುವೆಯಾಗಿದೆಯೇ?" ಎಂದು ಕೇಳಿದರೆ ನಮ್ಮ ಕಡೆ ಅದಕ್ಕಿರುವುದು ಒಂದೇ ಅರ್ಥ. ಪಕ್ಕದ ಮನೆಯ ದೊಡ್ಡಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ, ಆಸರಿಗೆ ಕೊಟ್ಟು, ಹುಡುಗನಿಗೆ ಬೀಡಿ ಸಿಗರೇಟಿನ ಚಟವಿಲ್ಲವೆಂದೂ, ತೋಟ ಚೆನ್ನಾಗಿದೆಯೆಂದೂ, ತಾಯಿ ಸಾಧುವೆಂದೂ ಹೇಳಿದರು. ಆಮೇಲೆ "ನಿಮ್ಮ ಹುಡುಗಿ ಏನು ಓದಿದ್ದಾಳೆ? ಜಾತಕ ತಂದಿದ್ದೀರಾ?" ಎಂದು ವಿಚಾರಿಸಿದರು. ವಕೀಲರು ಏನು ಉತ್ತರ ಕೊಟ್ಟರೋ ತಿಳಿಯದು. ಸಂಜೆಯ ಹೊತ್ತಿಗೆ ಮೈಸೂರಿನ ಸಂಬಂಧ ಮುರಿದಿದೆ, ಹೊಸಬರು ಕಾರಿನಲ್ಲಿ ಬಂದು ನೋಡಿಕೊಂಡು ಹೋದರು ಎಂಬ ಸುದ್ದಿ ಊರೆಲ್ಲ ಹಬ್ಬಿ, ರಾತ್ರಿ ಊಟದ ಹೊತ್ತಿಗೆ ಮೈಸೂರಿನಲ್ಲಿ ನನ್ನ ಅಪ್ಪನನ್ನು ತಲುಪಿತ್ತು. ಅಪ್ಪ ನನಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: "ಛತ್ರದ ಮುಂಗಡ ವಾಪಸು ಕೇಳಲೇ?"

ನವೆಂಬರ್ ಬಂದರೂ ವರದಿ ಬರಲಿಲ್ಲ. ಆಗ ಸಹೋದ್ಯೋಗಿಯೊಬ್ಬರು ಡೆನ್ಮಾರ್ಕಿನ ದಾರಿ ತೋರಿಸಿದರು. ಜರ್ಮನಿಯಲ್ಲಿ ಕಾಗದಗಳಿಗೆ ಸೋತ ಜೋಡಿಗಳು ಹೋಗುವುದು ಅಲ್ಲಿಗೇ. 2019ರಿಂದ ಇಂಥ ಅರ್ಜಿಗಳನ್ನೆಲ್ಲ ಅಲ್ಲಿನ ಒಂದೇ ಕುಟುಂಬ ಕಾನೂನು ಸಂಸ್ಥೆ ನೋಡುತ್ತದೆ. ಹುಟ್ಟಿದ ಮಗುವಿಗೆ ಹೆಸರಿತ್ತೋ ಇಲ್ಲವೋ ಅವರು ಕೇಳಲಿಲ್ಲ. ಸಂಬಂಧ ನಿಜವೆಂಬುದಕ್ಕೆ ಜೊತೆಗಿರುವ ಫೋಟೊ, ಪ್ರಯಾಣದ ಟಿಕೆಟು ಕಳಿಸಿದೆವು. ಮನೆಯವರ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಬಚ್ಚಿಟ್ಟಿದ್ದ ಫೋಟೊಗಳನ್ನು ಮೊದಲು ನೋಡಿದ್ದು ಹೀಗೆ ಡೆನ್ಮಾರ್ಕ್ ಸರ್ಕಾರ.

ಗಡಿಯ ಪಕ್ಕದ ಟೋಂಡರ್ ಪಟ್ಟಣದಲ್ಲಿ ಡಿಸೆಂಬರ್ ಮೊದಲ ವಾರದ ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಸಮಯ ಸಿಕ್ಕಿತು. ಅಮ್ಮ ಹೌಹಾರಿದಳು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ! ಅಲ್ಲಿ ಹನ್ನೊಂದಾದಾಗ ಭಾರತದಲ್ಲಿ ಮೂರೂವರೆ ಎಂದು ಹುಡುಗ ಸಮಾಧಾನ ಹೇಳಲು ನೋಡಿದ. ವಿಷಯ ಪುರೋಹಿತರ ಬಳಿ ಹೋಯಿತು. ಅವರು ಹುಡುಗನ ಗಡಿಯಾರವನ್ನೂ ಒಪ್ಪಲಿಲ್ಲ, ಅಮ್ಮನ ಕ್ಯಾಲೆಂಡರನ್ನೂ ಒಪ್ಪಲಿಲ್ಲ. "ರಾಹುಕಾಲ ಆಯಾ ಊರಿನ ಸೂರ್ಯೋದಯದ ಮೇಲೆ. ಅಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ?" ಎಂಟೂವರೆಗೆ. ಮುಳುಗುವುದು? ನಾಲ್ಕಕ್ಕೇ. ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಅಷ್ಟು ಬಡ ಹಗಲನ್ನು ಅವರು ಎಂಟು ಭಾಗ ಮಾಡಿದ್ದು ಅದೇ ಮೊದಲಿರಬೇಕು. ಶುಕ್ರವಾರಕ್ಕೆ ನಾಲ್ಕನೆಯ ಭಾಗ. ರಾಹು ಟೋಂಡರ್‌ಗೆ ಬರುವುದು ಸುಮಾರು ಹನ್ನೊಂದೂ ಇಪ್ಪತ್ತಕ್ಕೆ ಎಂದು ತೀರ್ಪು ಬಂತು. ಅಷ್ಟರೊಳಗೆ ಮುಗಿಸತಕ್ಕದ್ದು.

ನಾನು ಉಟ್ಟಿದ್ದ ಮೈಸೂರು ರೇಷ್ಮೆ ಸೀರೆಯ ಮೇಲಿದ್ದ ದಪ್ಪ ಕೋಟನ್ನು ಕೊನೆಯವರೆಗೂ ಬಿಚ್ಚಲಿಲ್ಲ. ಸಾಕ್ಷಿಗಳನ್ನು ನೀವೇ ಕರೆತರದಿದ್ದರೆ ಪುರಸಭೆಯ ಸಿಬ್ಬಂದಿಯೇ ನಿಲ್ಲುತ್ತಾರೆ; ನನ್ನ ಕಡೆಯವರಾಗಿ ನಿಂತಾಕೆ ಕಣ್ಣೊರೆಸಿಕೊಂಡರು, ನನ್ನ ಸೋದರತ್ತೆಯರೂ ಅಷ್ಟು ಮಾಡಲಿಕ್ಕಿಲ್ಲ. ವಿವಾಹಾಧಿಕಾರಿ ಪ್ರೀತಿ, ಗೌರವ, ಸಮುದ್ರ ಮುಂತಾದವನ್ನು ಕುರಿತು ನಿಧಾನವಾಗಿ ಭಾಷಣ ಶುರು ಮಾಡಿದರು. ಮೊಬೈಲಿನ ಪರದೆಯಲ್ಲಿ ಅಮ್ಮ ಗಡಿಯಾರ ತೋರಿಸುತ್ತಿದ್ದಳು. ಪ್ರಶ್ನೆ ಪೂರ್ತಿಯಾಗುವ ಮೊದಲೇ ಹುಡುಗ "ಒಪ್ಪಿಗೆ" ಎಂದುಬಿಟ್ಟ. ಆತುರದ ಈ ಪ್ರೀತಿಗೆ ಅಧಿಕಾರಿ ಮೆಚ್ಚಿ ತಲೆದೂಗಿದರು. ಹನ್ನೊಂದೂ ಹದಿನಾಲ್ಕಕ್ಕೆ ಐದು ಭಾಷೆಗಳ ಪ್ರಮಾಣಪತ್ರ ಕೈಗೆ ಬಂತು.

ತೆರಿಗೆ ಇಲಾಖೆ ಮರುಮಾತಿಲ್ಲದೆ ನಮ್ಮನ್ನು ಹಿಂದಿನ ಜನವರಿಯಿಂದ ಗಂಡಹೆಂಡತಿ ಮಾಡಿತು. ಸಾಗರದ ಮನೆ ಮಾಡಲಿಲ್ಲ. ಸಂಕ್ರಾಂತಿಗೆ ಹೋದಾಗ ನನಗೆ ಅತ್ತೆಯವರ ಕೋಣೆಯಲ್ಲಿ ಹಾಸಿಗೆ, ಅವನಿಗೆ ಜಗಲಿ. ವೈಶಾಖದಲ್ಲಿ ತಾಳಿ, ಸಪ್ತಪದಿ, ಸಾಲು ಸಾಲು ಊಟ ಎಲ್ಲ ಮುಗಿದು ಜರ್ಮನಿಗೆ ಮರಳಿದರೆ ಅಂಚೆಪೆಟ್ಟಿಗೆಯಲ್ಲಿ ನೋಂದಣಿ ಕಚೇರಿಯ ಲಕೋಟೆ ಕಾಯುತ್ತಿತ್ತು. ವಕೀಲರ ವರದಿ ಕೊನೆಗೂ ಬಂದಿತ್ತು. ನೆರೆಮನೆಯವರ ಹೇಳಿಕೆಯ ಆಧಾರದ ಮೇಲೆ ವರನು ಅವಿವಾಹಿತನೆಂದು ದೃಢಪಟ್ಟಿದೆ, ಮುಂದಿನ ಶುಲ್ಕ ಕಟ್ಟಬಹುದು. ಆ ಹೇಳಿಕೆ ಕೊಟ್ಟ ದೊಡ್ಡಮ್ಮ ಮೈಸೂರಿನ ಛತ್ರಕ್ಕೂ ಬಂದು, ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ಊಟ ಮಾಡಿ ಹೋಗಿದ್ದರು.