ಉಳಿತಾಯಕ್ಕೊಂದು ಉಪಸಮಿತಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಅರ್ಥಶಾಸ್ತ್ರವೆಲ್ಲ ನಿಂತಿರುವುದು ₹7,499ರ ಮೇಲೆ. ತಿಂಗಳ ಮೇಂಟೆನೆನ್ಸ್ ₹7,500 ದಾಟಿ, ಸಂಘದ ವಾರ್ಷಿಕ ವಹಿವಾಟೂ ₹20 ಲಕ್ಷ ದಾಟಿತೋ, ಶೇ 18 ಜಿಎಸ್‌ಟಿ. ಅದೂ ದಾಟಿದಷ್ಟಕ್ಕಲ್ಲ, ಇಡೀ ಮೊತ್ತಕ್ಕೆ ಅಂತ 2019ರಲ್ಲಿ ಕೇಂದ್ರದ ಸುತ್ತೋಲೆ ಬಂತು. ಅಲ್ಲ, ದಾಟಿದಷ್ಟಕ್ಕೆ ಮಾತ್ರ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಈ ರಗಳೆಯೇ ಬೇಡವೆಂದು ನಮ್ಮ ಸಂಘ ಒಂದು ರೂಪಾಯಿ ಈಚೆಗೇ ನಿಂತುಬಿಟ್ಟಿದೆ. ಆಸೆ ಮಾತ್ರ ನಿಲ್ಲಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರು ಗೇಟಿಗೆ ಗ್ರಾನೈಟ್ ಕಮಾನು ಕಟ್ಟಿಸಿದ್ದಾರೆ. ನಮ್ಮದಿನ್ನೂ ಬಿಲ್ಡರ್ ಬಿಟ್ಟುಹೋದ ಕಬ್ಬಿಣದ ಗೇಟು. ಫ್ಲ್ಯಾಟಿನ ರೇಟು ಬೀಳದೆ ಇರುತ್ತದೆಯೇ? ಸುಧಾರಣೆ ಆಗಲೇಬೇಕು, ಮೇಂಟೆನೆನ್ಸ್ ಏರಕೂಡದು. ಆದ್ದರಿಂದ ಉಳಿತಾಯಕ್ಕೊಂದು ಉಪಸಮಿತಿ.

ಈ ಸಮಿತಿಗೆ ಕಾನೂನಿನ ಮಾನ್ಯತೆ ಇದೆಯೇ ಎಂದು ಕೇಳಬೇಡಿ. 1960ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾದ ಸಂಘ ಸಂಘವೇ ಅಲ್ಲ, 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯೇ ಸರಿ ಎಂದು ಬಿ ಬ್ಲಾಕಿನವರು ವರ್ಷಗಳಿಂದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯುದ್ಧ ಹೂಡಿದ್ದಾರೆ. ಅದು ಅವರ ಸಂತೋಷ.

ಉಪಸಮಿತಿ ಮೊದಲು ಮಾಡಿದ ಕೆಲಸ, ಎಲ್ಲಿ ಉಳಿಸಬಹುದು ಎಂದು ಹೇಳಲು ದುಡ್ಡು ಕೊಟ್ಟು ಒಬ್ಬ ಸಲಹೆಗಾರರನ್ನು ಕರೆಸಿದ್ದು. ಅವರು ದಪ್ಪ ಕಾಗದದ ಬಣ್ಣದ ವರದಿ ಕೊಟ್ಟರು. ಮೊದಲ ಪುಟದಲ್ಲೇ ಇತ್ತು: ಸೆಕ್ಯುರಿಟಿಯವರಿಗೆ ಕುರ್ಚಿ ಇರುವುದರಿಂದ ನಿದ್ದೆ ಬರುತ್ತದೆ, ನಿದ್ದೆಯಿಂದ ಕಾರ್ಯಕ್ಷಮತೆ ಕುಗ್ಗುತ್ತದೆ, ಆದ್ದರಿಂದ ಕುರ್ಚಿ ತೆಗೆಯಿರಿ. ತೆಗೆದರು. ಹಿಂದೆಯೇ ಕ್ಯಾಬಿನ್ನಿನ ಫ್ಯಾನೂ ಹೋಯಿತು. ಈಗ ಅಲ್ಲಿ ಸ್ವಿಚ್ಚಿನ ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪು, ಟೇಪಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಬಳಸಬಾರದು’, ಕೆಳಗೆ ಕಾರ್ಯದರ್ಶಿಗಳ ಸಹಿ, ದಿನಾಂಕ. ಇಷ್ಟು ಶಿಸ್ತು ನಮ್ಮ ಲೆಕ್ಕಪತ್ರದಲ್ಲೂ ಇಲ್ಲ.

ಲಿಂಗಸುಗೂರು ಕಡೆಯ ಸೆಕ್ಯುರಿಟಿ ಹುಡುಗನನ್ನು ಹೇಗಪ್ಪಾ ಇದೆ ಹೊಸ ವ್ಯವಸ್ಥೆ ಎಂದೆ. “ನಿಂತಕೊಂಡ ನಿದ್ದಿ ಮಾಡೂದು ರೂಢಿ ಆತ್ರಿ ಸರ” ಅಂದ. ಹನ್ನೆರಡು ತಾಸಿನ ಡ್ಯೂಟಿಯಲ್ಲಿ ಇಂಥ ಕೌಶಲ್ಯ ತರಬೇತಿ ಪುಕ್ಕಟೆ ಸಿಗುವುದು ನಮ್ಮಲ್ಲಿ ಮಾತ್ರ.

ಕುರ್ಚಿ ಹೋದ ಹಿಂದೆಯೇ ಅದರಲ್ಲಿ ಕೂರುತ್ತಿದ್ದವರೂ ಹೋದರು. ಬೂಮ್ ಬ್ಯಾರಿಯರ್ ಬಂದ ಮೇಲೆ ಅಷ್ಟು ಜನ ಯಾಕೆ? ಕಾರಿನ ಗಾಜಿನ ಸ್ಟಿಕ್ಕರ್ ನೋಡಿ ಅದು ತಾನೇ ಮೇಲೇಳಬೇಕು. ಮಳೆ ಬಂದರೆ, ಬಿಸಿಲು ಜಾಸ್ತಿಯಾದರೆ, ಗಾಜಿಗೆ ಧೂಳು ಕೂತರೆ ಏಳುವುದಿಲ್ಲ. ಆಗ ಉಳಿದೊಬ್ಬ ಹುಡುಗ ಓಡಿ ಬಂದು ಕೈಯಲ್ಲೇ ಎತ್ತಿ ಹಿಡಿದು, ಕಾರು ದಾಟುವವರೆಗೆ ಇನ್ನೊಂದು ಕೈಯಲ್ಲಿ ಸೆಲ್ಯೂಟ್ ಹೊಡೆಯುತ್ತಾನೆ. ಹಳೆಯ ಗೇಟಿಗಾದರೆ ಒಂದೇ ಕೈ ಸಾಕಿತ್ತು.

ಮಧ್ಯಾಹ್ನ ಸರ್ವಿಸ್ ಲಿಫ್ಟ್ ಬಂದ್, ವಿದ್ಯುತ್ ಉಳಿತಾಯ. ಮನೆಗೆಲಸದವರು ಉಳಿದ ಲಿಫ್ಟ್ ಹತ್ತಬಾರದೆಂಬ ಬೋರ್ಡು ಮೊದಲೇ ಇತ್ತು. ಎರಡನ್ನೂ ಕೂಡಿಸಿದರೆ ಒಂಬತ್ತನೇ ಮಹಡಿಗೆ ಮೆಟ್ಟಿಲೇ ಗತಿ. ಗೇಟಿನ ಆ್ಯಪ್ ಅವರು ಒಳಬಂದ ಹೊತ್ತು ಹೇಳುತ್ತದೆ, ಮನೆಯವರ ಗಡಿಯಾರ ಬಾಗಿಲು ತಟ್ಟಿದ ಹೊತ್ತು ಹೇಳುತ್ತದೆ, ನಡುವಿನ ಇಪ್ಪತ್ತು ನಿಮಿಷ ಎಲ್ಲಿ ಹರಟೆ ಹೊಡೆದಿರಿ ಎಂದು ವಿಚಾರಣೆ ನಡೆಯುತ್ತದೆ. ಸಂಘದ ವಾರ್ಷಿಕ ಮಹಾಸಭೆಯಲ್ಲಿ, ಅಂದರೆ ಎಜಿಎಂನಲ್ಲಿ, ಓಟಿಲ್ಲದವರ ಕಡೆಯಿಂದ ಉಳಿತಾಯ ಎಷ್ಟು ಸಲೀಸು ನೋಡಿ. ಕೋರಂ ಕೂಡ ಬೇಕಾಗಿಲ್ಲ.

ಓಟಿದ್ದವರ ಬಚ್ಚಲಿಗೆ ಕೈಯಿಟ್ಟಾಗ ಕಥೆಯೇ ಬೇರೆ. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು, ಕುಡಿಯುವ ನೀರಲ್ಲಿ ಕಾರು ತೊಳೆದರೆ ₹5,000 ದಂಡ ಎಂದಿತು. ಹೆದರಿ ಹಾಕಿಸಿದೆವು. ನೀರು ನಿಜಕ್ಕೂ ಉಳಿಯಿತು, ಅದಕ್ಕೇ ಯಾರಿಗೂ ಹಿಡಿಸಲಿಲ್ಲ. ‘ಷವರ್‌ನಲ್ಲಿ ಫೋರ್ಸ್ ಇಲ್ಲ’ ಎಂದು ಗ್ರೂಪಿನಲ್ಲಿ ಕಣ್ಣೀರು. ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಎಂದು ಪೇಪರಿನಲ್ಲಿ ಬಂದದ್ದೇ ತಡ, ಏರೇಟರ್‌ಗಳೆಲ್ಲ ಬಿಚ್ಚಿ ಸ್ಟೋರ್ ರೂಮು ಸೇರಿದವು. ಆ ನೀರು ನಮ್ಮ ಪೈಪಿಗೆ ಇನ್ನೂ ತಲುಪಿಲ್ಲ. ಟ್ಯಾಂಕರ್‌ನವನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಇಷ್ಟೆಲ್ಲ ಉಳಿಸಿದ್ದರಿಂದ ಕಮಾನು ಎದ್ದಿತು, ಅದರ ಮುಂದೆ ಕಾರಂಜಿಯೂ ಚಿಮ್ಮಿತು. ಕಾರಂಜಿಗೆ ಎಸ್‌ಟಿಪಿಯ, ಅಂದರೆ ಕೊಳಚೆ ನೀರಿನ ಘಟಕದ, ಶುದ್ಧೀಕರಿಸಿದ ನೀರೇ, ಪರಿಸರಸ್ನೇಹಿ. ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್ ಕರೆಂಟು ತಿನ್ನುತ್ತದೆಂದು ರಾತ್ರಿ ನಿಲ್ಲಿಸಿರುವುದರಿಂದ ಶುದ್ಧೀಕರಣ ಸ್ವಲ್ಪ ಹಿಂದುಮುಂದಾಗಿದೆ, ಅಷ್ಟೇ. ಕಾರಂಜಿ ಚಿಮ್ಮುವ ಸಂಜೆ ಎ ಬ್ಲಾಕಿನ ಕಿಟಕಿಗಳೆಲ್ಲ ಪಟಪಟನೆ ಮುಚ್ಚುತ್ತವೆ, ಎಸಿ ಶುರುವಾಗುತ್ತದೆ. ಆದರೆ ಅದು ಅವರವರ ಮೀಟರು; ಸಂಘದ ಲೆಕ್ಕಕ್ಕೆ ಬರುವುದಿಲ್ಲ.

ಮೊನ್ನೆಯ ಎಜಿಎಂನಲ್ಲಿ ಉಪಸಮಿತಿಗೆ ಶಾಲು ಹೊದಿಸಿದೆವು. ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಎದ್ದು, ಸಮಿತಿ ಸಭೆಗಳ ಗೋಡಂಬಿ, ಕಾಫಿ ಖರ್ಚಿನಲ್ಲೂ ಒಂದಿಷ್ಟು ಉಳಿಸಬಹುದಲ್ಲವೇ ಎಂದರು. ಅಧ್ಯಕ್ಷರು ಬಹಳ ಗಂಭೀರವಾಗಿ ತೆಗೆದುಕೊಂಡರು. ಬೈಲಾದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ವಕೀಲರ ಅಭಿಪ್ರಾಯ ಕೇಳಲಾಗಿದೆ. ವಕೀಲರ ಫೀಸು ಮೇಂಟೆನೆನ್ಸಿಗೆ ಸೇರುವುದಿಲ್ಲವಂತೆ; ಬೇರೆ ಬಿಲ್ ಬರುತ್ತದೆ.