ಬ್ಯಾಟರಿ ಹೊಸದು, ರಿಲೇ ಹೊಸದು, ಗಾಡಿ ಮಾತ್ರ ಟಕ್

ಟಕ್.

ಎರಡು ತಿಂಗಳಿಂದ ನನ್ನ ಬೈಕ್ ಆಡುತ್ತಿದ್ದದ್ದು ಇದೊಂದೇ ಮಾತು. ಸೆಲ್ಫ್ ಬಟನ್ ಒತ್ತಿದರೆ ಸೀಟಿನ ಕೆಳಗೆ ಟಕ್. ಮತ್ತೆ ಒತ್ತಿದರೆ ಮತ್ತೆ ಟಕ್. ಇಂಜಿನ್ ಮಿಸುಕುವುದಿಲ್ಲ. ಹಾರನ್ ಜೋರಾಗಿ ಹೊಡೆಯುತ್ತದೆ, ಹೆಡ್‌ಲೈಟ್ ಝಗ್ ಅಂತ ಉರಿಯುತ್ತದೆ, ಇಂಡಿಕೇಟರ್ ಕುಣಿಯುತ್ತದೆ. ಎಲ್ಲ ಇದೆ, ಗಾಡಿ ಹೊರಡುವುದೊಂದು ಬಿಟ್ಟು.

2012ರ 150 ಸಿಸಿ ಗಾಡಿ ಇದು. ಕಿಕ್ಕರ್ ಇಲ್ಲ. ತಗೊಳ್ಳುವಾಗ ಅದೇ ದೊಡ್ಡ ಸ್ಟೈಲು ಅನ್ನಿಸಿತ್ತು, ಒಪ್ಪಿಕೊಳ್ಳುತ್ತೇನೆ. ಈಗ ಮೈಸೂರಿನ ರಾಮಸ್ವಾಮಿ ಸರ್ಕಲ್ ಸಿಗ್ನಲ್ಲಿನಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ, ಗಾಡಿ ಆಫ್ ಆಗಿ ಸೆಲ್ಫ್ ಎತ್ತದೆ ಇದ್ದಾಗ ಆ ಸ್ಟೈಲು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹಿಂದಿನಿಂದ ಸಿಟಿ ಬಸ್ ಒಂದೇ ಸಮ ಹಾರನ್. ಆಟೋದವರು ಪಕ್ಕ ನಿಲ್ಲಿಸಿ, "ಸೈಡಿಗೆ ಹಾಕ್ಕೊಳ್ಳಿ ಗುರುವೇ" ಅಂತ ಉಪದೇಶ. ಹೆಲ್ಮೆಟ್ಟಿನೊಳಗೆ ಬೆವರು. ಪಕ್ಕಕ್ಕೆ ತಳ್ಳಿಕೊಂಡು ಬಂದು, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದು ಓಡಿ, ಹಾರಿ ಕೂತು ಕ್ಲಚ್ ಬಿಡಬೇಕು. ಇಪ್ಪತ್ತನೇ ವಯಸ್ಸಿನಲ್ಲಿ ಇದು ಮಜಾ. ನಲವತ್ತಾರಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ.

ಅಪ್ಪನ ಹತ್ತಿರ ಯೆಜ್ಡಿ ಇತ್ತು, ಇಲ್ಲೇ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದದ್ದು. ಗೇರ್ ಹಾಕುವ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಒಂದೇ ಕಬ್ಬಿಣಕ್ಕೆ ಎರಡು ಕೆಲಸ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದಾಗಿ ಎಷ್ಟೋ ವರ್ಷ ಅಪ್ಪ ಆ ಗಾಡಿ ಒದ್ದು ಸ್ಟಾರ್ಟ್ ಮಾಡುತ್ತಲೇ ಇದ್ದರು. ನನ್ನದಕ್ಕೆ ಒದೆಯಲು ಜಾಗವೇ ಕೊಟ್ಟಿಲ್ಲ. ಒದೆಯಬೇಕು ಅಂತ ಅನ್ನಿಸೋದಂತೂ ದಿನಾ ಅನ್ನಿಸುತ್ತದೆ.

ಸರಿ, ಸರ್ವೀಸ್ ಸೆಂಟರಿಗೆ ಹೋದೆ. ಹುಡುಗ ಬಂದು ಬಟನ್ ಒತ್ತಿದ. ಟಕ್. "ಬ್ಯಾಟರಿ ಹೋಗಿದೆ ಸಾರ್." ಮೀಟರ್ ಹಿಡಿದು ನೋಡಲಿಲ್ಲ, ಟರ್ಮಿನಲ್ ಮುಟ್ಟಲಿಲ್ಲ. ಲೈಟ್ ಇಷ್ಟು ಚೆನ್ನಾಗಿ ಉರಿಯುತ್ತಿದೆಯಲ್ಲಪ್ಪ ಅಂದೆ. "ಅದಕ್ಕೆ ಕರೆಂಟ್ ಕಮ್ಮಿ ಸಾಕು ಸಾರ್, ಸೆಲ್ಫಿಗೆ ಜಾಸ್ತಿ ಬೇಕು." ಇದು ನಿಜ. 35 ವ್ಯಾಟಿನ ಹೆಡ್‌ಲೈಟಿಗೆ 12 ವೋಲ್ಟಿನಲ್ಲಿ ಮೂರು ಆಂಪಿಯರ್ ಸಾಕು, ಸೆಲ್ಫ್ ಮೋಟರಿಗೆ ಹತ್ತಾರು ಆಂಪಿಯರ್ ಬೇಕು. ಅರ್ಧ ನಿಜ ಹೇಳುವವರ ಮುಂದೆ ವಾದ ಮಾಡುವುದು ಕಷ್ಟ. 1,450 ರೂಪಾಯಿ ಕೊಟ್ಟೆ. ಹಳೇ ಬ್ಯಾಟರಿಯನ್ನೂ ಅವರೇ ಇಟ್ಟುಕೊಂಡರು.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಟಕ್.

ಈ ಸಲ "ರಿಲೇ ಸಾರ್". ಬಟನ್ ಒತ್ತಿದಾಗ ಬ್ಯಾಟರಿ ಕರೆಂಟನ್ನು ಮೋಟರಿಗೆ ಬಿಡುವ ಸ್ವಿಚ್ಚು ಅದು, ಟಕ್ ಅನ್ನುವುದೂ ಅದೇ. 420 ರೂಪಾಯಿ, ಮೇಲೆ ಕೂಲಿ 200. ಎರಡು ದಿನ. ಟಕ್. ಮೂರನೇ ಸಲ ಹೋದಾಗ ಸೂಪರ್‌ವೈಸರೇ ಬಂದರು. "ಮೋಟರ್ ಫುಲ್ ಅಸೆಂಬ್ಲಿ ಚೇಂಜ್ ಮಾಡಬೇಕು. 2,800 ಆಗುತ್ತೆ. ಸ್ಟಾಕ್ ಇಲ್ಲ, ಹದಿನೈದು ದಿನ. ಅಡ್ವಾನ್ಸ್ ಕೊಟ್ಟಿರಿ." ನನಗೆ ರೇಗಿತು. ಮೊದಲು ಬ್ಯಾಟರಿ ಅಂದ್ರಿ, ಆಮೇಲೆ ರಿಲೇ ಅಂದ್ರಿ, ಈಗ ಮೋಟರ್. ನಾಳೆ ಬೈಕೇ ಚೇಂಜ್ ಮಾಡಿ ಅಂತೀರಾ? ಅವರು ನಕ್ಕು, "ಎಕ್ಸ್‌ಚೇಂಜ್ ಆಫರ್ ಇದೆ ಸಾರ್" ಅಂದರು. ಜೋಕ್ ಅಲ್ಲ. ಪಾಂಪ್ಲೆಟ್ ಕೈಗೆ ಕೊಟ್ಟರು.

ಡಾಕ್ಟರ್ ಜ್ವರಕ್ಕೆ ಮೊದಲು ಕಿಡ್ನಿ ಬದಲಾಯಿಸಿ, ಆಮೇಲೆ ಲಿವರ್ ಬದಲಾಯಿಸಿ, ಇನ್ನೂ ಜ್ವರ ಇದ್ದರೆ ಹೃದಯ ನೋಡೋಣ ಅಂದರೆ ನಾವು ಸುಮ್ನೆ ಇರ್ತೀವಾ? ಗಾಡಿ ವಿಷಯದಲ್ಲಿ ಮಾತ್ರ ಜೇಬಿಗೆ ಕೈ ಹಾಕುತ್ತೇವೆ.

ಭಾನುವಾರ ನಾನೇ ಕೂತೆ. ಮೋಟರನ್ನು ಇಂಜಿನ್ನಿಗೆ ಹಿಡಿದಿರುವುದು ಎರಡೇ ಬೋಲ್ಟು. ಬ್ಯಾಟರಿ ವೈರ್ ಮೊದಲು ಕಳಚಿ, ಬೋಲ್ಟ್ ತೆಗೆದು, ಎಳೆದರೆ ಕೈಗೇ ಬಂತು. ಬಿಚ್ಚಿದರೆ ಒಳಗೆ ಕಾಡಿಗೆ ಡಬ್ಬಿ ಚೆಲ್ಲಿದ ಹಾಗೆ ಕರೀ ಪುಡಿ. ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದ ಪುಡಿ ಅದು. ಬ್ರಷ್ ಎರಡೂ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದವು, ಸ್ಪ್ರಿಂಗ್ ಗಟ್ಟಿ ಇತ್ತು. ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿತ್ತು. ನಯವಾದ ಉಪ್ಪುಕಾಗದದಲ್ಲಿ ಉಜ್ಜಿದೆ, ಹೊಸ ಪಾತ್ರೆ ಹಾಗೆ ಹೊಳೆಯಿತು. ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಿದರೆ ಗಿರ್ರ್ ಅಂತ ತಿರುಗಿತು. ನನ್ನ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಜೋರು. ಇದನ್ನೇ ಅವರು ಸತ್ತಿದೆ ಅಂದಿದ್ದು!

ಖುಷಿಯಲ್ಲಿ ವಾಪಸ್ ಕೂರಿಸಿ ಬಟನ್ ಒತ್ತಿದೆ.

ಟಕ್.

ಕೈಲಿದ್ದ ಸ್ಪ್ಯಾನರ್ ಕಾಂಪೌಂಡ್ ಗೋಡೆಗೆ ಹೋಯಿತು. ಆ ಶಬ್ದಕ್ಕೆ ಕೆಳಗಿನ ಮನೆಯ ಅಂಕಲ್ ಬಂದರು. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದವರು. ಕಥೆಯೆಲ್ಲ ಕೇಳಿ, "ಬಟನ್ ಒತ್ತಿದಾಗ ಲೈಟ್ ಮಂಕಾಗುತ್ತಾ?" ಅಂದರು. ಇಲ್ಲ. "ಹಾಗಾದ್ರೆ ಬ್ಯಾಟರಿಯಿಂದ ಕರೆಂಟ್ ಹೊರಡ್ತಾನೇ ಇಲ್ಲ ಕಣಯ್ಯಾ. ಮೋಟರ್ ಎಳೆದಿದ್ರೆ ಲೈಟ್ ಕುಗ್ಗಬೇಕಿತ್ತು." ನಂತರ ಮಲ್ಟಿಮೀಟರ್ ತಂದು, ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬಾಡಿಗೆ ಇಟ್ಟು, "ಈಗ ಒತ್ತು" ಅಂದರು. ಮೋಟರಿನ ಕರೆಂಟ್ ಇಂಜಿನ್ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ ವಾಪಸ್ ಬರುವ ದಾರಿಗೆ ಅರ್ತ್ ಅನ್ನುತ್ತಾರೆ. ಅದು ಸರಿ ಇದ್ದರೆ ಅಲ್ಲಿ ಅರ್ಧ ವೋಲ್ಟೂ ಕಾಣಬಾರದು. 8 ದಾಟಿತು. ಇದ್ದ 12ರಲ್ಲಿ ಎಂಟು ವೋಲ್ಟ್ ಮೋಟರಿಗೆ ಸಿಗದೆ ಅಲ್ಲೇ ಸಾಯುತ್ತಿತ್ತು.

ಅರ್ತ್ ವೈರ್ ಇಂಜಿನ್ನಿಗೆ ಸೇರುವ ಬೋಲ್ಟ್ ಬಿಚ್ಚಿದೆವು. ಅದರ ಕೆಳಗೆ ಪೇಂಟು. ದಪ್ಪಗೆ, ನುಣ್ಣಗೆ, ಹೊಳೆಯುವ ಕಪ್ಪು ಪೇಂಟು.

ನೆನಪಾಯಿತು. ಮೂರು ತಿಂಗಳ ಹಿಂದೆ ಇದೇ ಸರ್ವೀಸ್ ಸೆಂಟರಿನಲ್ಲಿ, "ಇಂಜಿನ್ ಪೇಂಟ್ ಮಾಡಿಸಿ ಸಾರ್, ಹೊಸ ಗಾಡಿ ಥರ ಕಾಣುತ್ತೆ" ಅಂತ 600 ರೂಪಾಯಿ ಕಿತ್ತಿದ್ದರು. ವೈರ್ ಬಿಚ್ಚಿ, ಆ ಜಾಗಕ್ಕೂ ಸೇರಿಸಿ ಪೇಂಟ್ ಹೊಡೆದು, ಅದರ ಮೇಲೇ ವೈರ್ ಕೂರಿಸಿ ಬೋಲ್ಟ್ ಹಾಕಿದ್ದಾರೆ. ಪೇಂಟಿನಲ್ಲಿ ಕರೆಂಟ್ ಹಾಯುವುದಿಲ್ಲ. ಬೋಲ್ಟಿನ ಮರೆಯಲ್ಲಿ ಅಲ್ಪ ಸ್ವಲ್ಪ ತಾಗುತ್ತಿದ್ದದ್ದು ಮಳೆಗೆ ತುಕ್ಕು ಹಿಡಿದು ಅದೂ ಹೋಗಿದೆ. ಬ್ಯಾಟರಿ ಹಾಕುವಾಗ, ರಿಲೇ ಹಾಕುವಾಗ ವೈರ್ ಅಲ್ಲಾಡಿ ನಾಲ್ಕು ದಿನ, ಎರಡು ದಿನ ಕೆಲಸ ಮಾಡಿದೆ. ಅಷ್ಟಕ್ಕೆ ನಾನು 2,070 ಕೊಟ್ಟಿದ್ದೇನೆ. ಪೇಂಟಿನ ದುಡ್ಡು ಸೇರಿಸಿದರೆ 2,670.

ಅಂಕಲ್ ಚಾಕುವಿನ ಮೊನೆಯಲ್ಲಿ ಪೇಂಟ್ ಕೆರೆದರು. ಬಿಳೀ ಅಲ್ಯೂಮಿನಿಯಂ ಕಂಡಿತು. ಬೋಲ್ಟ್ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಒಂಚೂರು ಗ್ರೀಸ್ ಸವರಿದರು. ಹತ್ತು ನಿಮಿಷದ ಕೆಲಸ. ಬಟನ್ ಮುಟ್ಟಿದ್ದೇ ತಡ, ಗಾಡಿ ಎದ್ದಿತು. ಅವರಿಗೆ ಕೊಟ್ಟದ್ದು ಒಂದು ಲೋಟ ಕಾಫಿ.

ಸೋಮವಾರ ಫೋಟೋ ಸಮೇತ ಸರ್ವೀಸ್ ಸೆಂಟರಿಗೆ ಹೋದೆ. ಸೂಪರ್‌ವೈಸರ್ ಫೋಟೋ ಜೂಮ್ ಮಾಡಿ ನೋಡಿದರು. "ಪೇಂಟಿಂಗ್ ನೀವೇ ಹೇಳಿ ಮಾಡಿಸಿದ್ದಲ್ವಾ ಸಾರ್?" ಅಂದರು. ಹಳೇ ಬ್ಯಾಟರಿ ವಾಪಸ್ ಕೊಡಿ ಅಂದೆ. ಅದು ಸ್ಕ್ರ್ಯಾಪಿಗೆ ಹೋಗಿದೆಯಂತೆ. ಹೊರಡುವಾಗ ಹಿಂದಿನಿಂದ ಕೂಗಿ ಹೇಳಿದರು: "ಸಾರ್, ಸಂಜೆ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಹತ್ತಕ್ಕೆ ಹತ್ತು ಕೊಟ್ಬಿಡಿ, ಹುಡುಗರಿಗೆ ಇನ್ಸೆಂಟಿವ್ ಸಿಗುತ್ತೆ."