ಫ್ಯಾನಿಗೆ ಸಾವಿರ ವರ್ಷ ಆಯಸ್ಸು

ನಮ್ಮ ಗೆಳೆಯರೊಬ್ಬರು ಶೆಡ್ಡಿನಲ್ಲಿ ತಾವೇ ಕೂತು ವಿಮಾನ ಕಟ್ಟುತ್ತಿದ್ದಾರೆ. ರೆಕ್ಕೆಗೆ ರಿವೆಟ್ ಹೊಡೆದರು, ಇಂಜಿನ್ ಕೂರಿಸಿದರು, ಇಂಧನದ ಪೈಪ್ ಎಳೆದರು. ಎಡವಟ್ಟಾದರೆ ಪ್ರಾಣಕ್ಕೇ ಸಂಚಕಾರ ತರುವ ಈ ಕೆಲಸಗಳಿಗೆ ಅವರು ಒಂದು ರಾತ್ರಿಯೂ ನಿದ್ದೆಗೆಟ್ಟದ್ದು ನಾನು ಕಾಣೆ. ಈಗ ಮೂರು ತಿಂಗಳಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ಬಿಸಿಯೇರುವ ರೇಡಿಯೊಗೆ ಗಾಳಿ ಬೀಸಲು ಫ್ಯಾನ್ ಆರಿಸಬೇಕಂತೆ. ಅಂಗೈಗಿಂತ ಚಿಕ್ಕ ಫ್ಯಾನ್.

ಅಮೆರಿಕದಲ್ಲಿ ಇಂಥ ವಿಮಾನಗಳಿಗೆ ಜನ 51 ಪರ್ಸೆಂಟ್ ನಿಯಮ ಎಂದು ಕರೆಯುವ ಕಟ್ಟಳೆಯೊಂದಿದೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿರಬೇಕು. ಮಿಕ್ಕ 49 ಪರ್ಸೆಂಟ್ ಏನಿರಬಹುದು ಅಂತ ನನಗೆ ಈಗ ಹೊಳೆಯಿತು. ಫ್ಯಾನಿನ ಯೋಚನೆ!

ಮೊದಲು ಸದ್ದಿನ ಪಂಚಾಯಿತಿ. “ಇದು 22 ಡೆಸಿಬೆಲ್, ಅದು 28,” ಎಂದು ಡೇಟಾಶೀಟ್, ಅಂದರೆ ಫ್ಯಾನಿನ ಗುಣವಿವರದ ಹಾಳೆ, ತೋರಿಸಿದರು. ಅಲ್ರೀ, ಪಿಸ್ಟನ್ ಇಂಜಿನ್ನಿನ ಪುಟ್ಟ ವಿಮಾನದೊಳಗೆ ಸದ್ದು 90 ಡೆಸಿಬೆಲ್ ದಾಟುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡೋದಕ್ಕೂ ಹೆಡ್‌ಸೆಟ್ ಬೇಕು. ಅಲ್ಲಿ ಪಿಸುಗುಟ್ಟುವ ಫ್ಯಾನ್ ಯಾರ ಕಿವಿಗೆ? “ಆದ್ರೂ ಸದ್ದಿಲ್ಲದಿದ್ರೆ ಒಳ್ಳೇದಲ್ವಾ?” ಅಂದರು.

ಆಮೇಲೆ ಬೇರಿಂಗ್. ಒಂದರ ಆಯಸ್ಸು 30,000 ಗಂಟೆ, ಇನ್ನೊಂದರದ್ದು 50,000. ಇವರು ವರ್ಷಕ್ಕೆ 50 ಗಂಟೆ ಹಾರಿದರೆ ಹೆಚ್ಚು. ಲೆಕ್ಕ ಹಾಕಿ ನೋಡಿ, ಮೊದಲನೆಯದು ಬರೀ 600 ವರ್ಷ ಬಾಳುತ್ತದೆ. ಇವರು ಸಾವಿರ ವರ್ಷದ್ದನ್ನೇ ಆರಿಸಿದರು. ರಿಸ್ಕ್ ಯಾಕೆ ಅಂತ.

ಸಲಹೆ ಕೊಡುವ ಗೆಳೆಯರಲ್ಲಿ ಎರಡು ಪಂಗಡ. ಒಂದಕ್ಕೆ ವಿಮಾನದ ಫ್ಯಾನೇ ಆಗಬೇಕು. ಅದೂ ಮೋಟರು, ರೆಕ್ಕೆ, ಪ್ಲಾಸ್ಟಿಕ್ ಡಬ್ಬಿಯೇ. ಜೊತೆಗೊಂದು ಸರ್ಟಿಫಿಕೇಟ್, ಬೆಲೆ ಹಲವು ಪಟ್ಟು. ಸ್ವಂತಕ್ಕೆ ಕಟ್ಟುವ ವಿಮಾನಕ್ಕೆ ಆ ಕಾಗದ ಬೇಕಾಗಿಲ್ಲ. ಆದರೆ ಕಾಗದ ಕಂಡರೆ ಕೆಲವರಿಗೆ ಅಲ್ಲೇ ತಂಪಾಗುತ್ತದೆ. ಇನ್ನೊಂದು ಪಂಗಡ ಹಳೇ ಕಂಪ್ಯೂಟರ್ ಬಿಚ್ಚಿ ಫ್ಯಾನ್ ಕಿತ್ತುಕೊಂಡೇ ಬರುತ್ತದೆ. ಅದರ ಆಯಸ್ಕಾಂತ ದಿಕ್ಸೂಚಿಯ ಪಕ್ಕಕ್ಕೆ ಬಂದರೆ ಉತ್ತರ ಯಾವ ಕಡೆ ಅಂತ ಫ್ಯಾನೇ ತೀರ್ಮಾನ ಮಾಡುತ್ತದೆ. ಮೂರನೆಯವರೂ ಒಬ್ಬರಿದ್ದಾರೆ, ಫ್ಯಾನೇ ಬೇಡ, ಹೊರಗಿನ ಗಾಳಿಗೆ ಪೈಪ್ ಕೊಡಿ ಅನ್ನುವವರು. ಮಳೆ ಬಂದ ದಿನ ಅವರ ರೇಡಿಯೊಗೆ ಅಭ್ಯಂಜನ.

ಅಸಲಿ ಲೆಕ್ಕ ಏನೂ ಕಷ್ಟವಿಲ್ಲ. ರೇಡಿಯೊ, ಟ್ರಾನ್ಸ್‌ಪಾಂಡರ್ (ರಾಡಾರ್ ಕೇಳಿದಾಗ ವಿಮಾನದ ಗುರುತು ಹೇಳುವ ಪೆಟ್ಟಿಗೆ) ಎಲ್ಲ ಸೇರಿ 20 ವ್ಯಾಟ್ ಬಿಸಿ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 10 ಘನ ಅಡಿ ಗಾಳಿ ಹಾದುಹೋದರೆ ಆ ಗಾಳಿ ಬಿಸಿಯಾಗುವುದು 4 ಡಿಗ್ರಿಯೊಳಗೆ. ಆದರೆ ಗಾಳಿ ಹಾದುಹೋಗಬೇಕಲ್ಲ! ಪೈಲಟ್ ಮುಂದಿನ ಪ್ಯಾನೆಲ್ಲಿನ ಹಿಂದೆ ಕೈ ಹಾಕಿ ನೋಡಿದೆ. ವೈರಿನ ಗೊಂಚಲು, ಒಂದರ ಮೇಲೊಂದು ಪೆಟ್ಟಿಗೆ, ಎಲ್ಲ ಕಡೆ ಮುಚ್ಚಿದೆ. ಮೇಲೆ ಬಿಸಿಲಿಗೆ ಕಾಯುವ ಕಪ್ಪು ಹೊದಿಕೆ ಬೇರೆ. ಅಲ್ಲಿ ಯಾವ ಫ್ಯಾನ್ ಇಟ್ಟರೂ ಅದೇ ಬಿಸಿ ಗಾಳಿಯನ್ನು ಸುಮ್ನೆ ಗಿರಗಿರ ತಿರುಗಿಸುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದು ಅಂದರೆ ಇದೇ ಇರಬೇಕು.

“ಮೇಲ್ಗಡೆ ಎರಡು ತೂತು ಕೊರೀರಿ, ಬಿಸಿ ಗಾಳಿ ತಾನಾಗೇ ಏರಿ ಹೋಗುತ್ತೆ,” ಅಂದೆ.

ಅವರಿಗೆ ಒಪ್ಪಿಗೆಯಾಗಲಿಲ್ಲ. ತೂತಿಗೆ ಡೇಟಾಶೀಟ್ ಇರೋದಿಲ್ಲವಲ್ಲ.

ಕೊನೆಗೆ ಸಾವಿರ ವರ್ಷದ ಕಂಪ್ಯೂಟರ್ ಫ್ಯಾನ್ ಕೂರಿಸಿದರು. ಅದರ ವೈರನ್ನು ಆಂಟೆನಾ ಕೇಬಲ್ಲಿಗೆ ಒತ್ತಿ ಕಟ್ಟಿದರು. ಸ್ವಿಚ್ ಹಾಕಿದರೆ ಹೆಡ್‌ಸೆಟ್ ತುಂಬ ಜುಂಯ್ ಅಂತ ಗದ್ದಲ! ವಿಮಾನದ ರೇಡಿಯೊ ಮಾತಾಡುವುದು 118ರಿಂದ 137 ಮೆಗಾಹರ್ಟ್ಜ್ ನಡುವೆ, ಅದೂ ಎಎಂನಲ್ಲಿ, ಅಂದರೆ ಅಲೆಯ ಬಲದ ಏರಿಳಿತದಲ್ಲಿ ಮಾತು ಸಾಗಿಸುವ ಬಗೆಯಲ್ಲಿ. ಫ್ಯಾನಿನೊಳಗಿನ ಪುಟ್ಟ ಸರ್ಕ್ಯೂಟ್ ಕರೆಂಟನ್ನು ಕಡಿದು ಕಡಿದು ಕೊಡುವಾಗ ಹುಟ್ಟುವ ಗೊರಗೊರ ಸೀದಾ ಕಿವಿಗೇ ಬರುತ್ತದೆ. ಫಿಲ್ಟರ್ ಹಾಕಿ, ವೈರು ದೂರ ಸರಿಸಿ ಅಂದೆ. ಅದು ಹೊಸ ಸಂಶೋಧನೆ, ಇನ್ನೂ ಮೂರು ತಿಂಗಳು ಬೇಕಂತೆ.

ಅಲ್ಲಿಯವರೆಗೆ ಒಂದು ದಾರಿ ಕಂಡುಕೊಂಡಿದ್ದಾರೆ.

“ರೇಡಿಯೊ ಓಡ್ತಿರೋವಾಗ ಫ್ಯಾನ್ ಆಫ್ ಮಾಡ್ತೀನಿ. ಕೆಳಗಿಳಿದು ರೇಡಿಯೊ ಆಫ್ ಮಾಡಿದ್ಮೇಲೆ ಫ್ಯಾನ್ ಹಾಕ್ತೀನಿ. ಇಂಜಿನ್ನೂ ನಿಂತಿರುತ್ತಲ್ಲ, ಆಗ ನೋಡಿ, 22 ಡೆಸಿಬೆಲ್ ಅಂದ್ರೆ 22 ಡೆಸಿಬೆಲ್ಲೇ.”